ಎಡಗೈಗೆ ತಿರುಗಿದ ತಂತಿಗಳು

ಪೆಟ್ಟಿಗೆಯ ಕೊಂಡಿ ಕಳಚಿದ್ದೇ ತಡ, ಅವಳ ಉಸಿರು ನಿಂತಿತು.

ಅದೇ ಗಿಟಾರ್!

ಮಹಾಗನಿ ಮರದ ಕೆಂಗಂದು ಮೈ. ತೋಳು ಒರಗಿ ಒರಗಿ ಮೆರುಗು ಹೋಗಿ, ಅಂಗೈ ಅಗಲ ಬತ್ತಲಾದ ಮೇಲಂಚು. ನಡುವಿನ ದುಂಡು ಕಿಂಡಿಯ ಕೆಳಗೆ ಎರಡು ತಲೆಮಾರಿನ ಉಗುರುಗಳು ಗೀರಿದ ಗೆರೆಗಳು. ಒಂದೊಂದು ಗೆರೆಯೂ ಅವಳಿಗೆ ಬಾಯಿಪಾಠ.

"ಯಾಕೆ ಮೇಡಂ? ರಿಪೇರಿ ಆಗಲ್ವಾ?"

ಎದುರು ನಿಂತವಳು ತಿಳಿನೀಲಿ ಅಂಗಿಯ, ನಗುಮುಖದ ಹುಡುಗಿ. ಹಿಂದೆಂದೂ ಈ ವಾದ್ಯ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ.

"ಇದಕ್ಕೆ... ಏನಾಗ್ಬೇಕು?"

"ತಂತಿಗಳನ್ನ ಉಲ್ಟಾ ಹಾಕ್ಬೇಕಂತೆ. ಎಡಚರು ನುಡಿಸೋ ಹಾಗೆ."

ಬಲಗೈ ಮೀಟುವುದು, ಎಡಗೈ ತಂತಿ ಒತ್ತುವುದು ರೂಢಿ. ಎಡಚರಿಗೆ ಎಲ್ಲವೂ ಅದಲುಬದಲು. ವರ್ಷಕ್ಕೊಮ್ಮೆ ಇಂಥ ಕೆಲಸ ಬರುವುದುಂಟು. ಆದರೆ ಈ ಗಿಟಾರಿಗೆ?

ಹುಡುಗಿ ಚೀಟಿಯ ಮೇಲೆ ಬಗ್ಗಿ ಫೋನ್ ನಂಬರ್ ಬರೆದಳು.

ಎಡಗೈಯಲ್ಲಿ!

'ಹಾಗಾದರೆ ಇವಳಿಗೆ... ಇವಳಿಗೇ ಕೊಟ್ಟುಬಿಟ್ಟನೇ?'

ಅವನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಬೆರಳ ತುದಿಯಲ್ಲಿ ಸದಾ ಅಂಟು. ಅಜ್ಜನ ಗಿಟಾರ್ ಹೊತ್ತು ಒಂದು ದಿನ ರಿಪೇರಿಗೆಂದು ಬಂದವನು ಮೂರು ವರ್ಷ ಅಂಗಡಿ ಬಿಡಲಿಲ್ಲ. ಅವಳ ಅಪ್ಪನೇ ಅವನಿಗೆ 'ಗೋಂದು' ಎಂದು ಹೆಸರಿಟ್ಟದ್ದು. ಆ ಗಿಟಾರನ್ನು ಅವನು ಯಾರಿಗೂ ಮುಟ್ಟಗೊಟ್ಟವನಲ್ಲ, ಅವಳೊಬ್ಬಳ ಹೊರತು.

ಎಂಟು ತಿಂಗಳ ಹಿಂದೆ, ಅಪ್ಪನ ಬಳಿ ಮದುವೆಯ ಮಾತೆತ್ತುತ್ತೇನೆ ಎಂದಿದ್ದ ದಿನವೇ ಅವನು ಬರಲಿಲ್ಲ. ಬಂದದ್ದು ಒಂದು ಮೆಸೇಜು. 'ನನ್ನನ್ನು ಮರೆತುಬಿಡು. ಕಾರಣ ಕೇಳಬೇಡ.'

ಫೋನ್ ಬಂದ್. ಬಾಡಿಗೆ ಕೋಣೆಗೆ ಬೀಗ.

ಕಾರಣ ಈಗ ಕಣ್ಣೆದುರೇ ನಗುತ್ತ ನಿಂತಿತ್ತು.

ಹುಡುಗಿ ಹೋದ ಮೇಲೆ, ಮೂಲೆಯ ಮೇಜಿನಲ್ಲಿ ಪಿಟೀಲಿನ ಬೆನ್ನು ಉಜ್ಜುತ್ತಿದ್ದ ಅಪ್ಪ ಕನ್ನಡಕ ಏರಿಸಿ ನೋಡಿದ.

"ಯಾಕೆ ಮುಖ ಹರಳೆಣ್ಣೆ ಕುಡಿದೋರ ಹಾಗಿದೆ?" ಎಂದವನ ಕಣ್ಣು ಗಿಟಾರಿನ ಮೇಲೆ ಬಿದ್ದಿತು. ದನಿ ತಗ್ಗಿತು. "ಬೇಡ ಅನ್ಸಿದ್ರೆ ವಾಪಸ್ ಕೊಟ್ಬಿಡು ಮಗಳೇ."

"ಇಲ್ಲಪ್ಪ. ನಾನೇ ಮಾಡ್ತೀನಿ."

"ಇದೇನು ಹಟ?"

"ಹಟ ಅಲ್ಲ. ಬೇರೆ ಕೈ ಇದನ್ನ ಬಿಚ್ಚೋದು ನೋಡೋಕಾಗಲ್ಲ ನನ್ನಿಂದ."

ಐದು ದಿನ ಹಿಡಿಯಿತು. ಹಳೆಯ ತಂತಿಗಳನ್ನು ಒಂದೊಂದಾಗಿ ಸಡಿಲಿಸಿದಳು. ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಮೂಳೆಪಟ್ಟಿಯನ್ನು ಕಿತ್ತು ಹೊಸದನ್ನು ಕೊರೆದಳು. ದಪ್ಪ ತಂತಿ ಇದ್ದಲ್ಲಿ ಸಣ್ಣದು, ಸಣ್ಣದಿದ್ದಲ್ಲಿ ದಪ್ಪದ್ದು. ಅರ ಮೂಳೆಯನ್ನು ಕೊರೆಯುವ ಸದ್ದು ಅವಳ ಹಲ್ಲಿನ ಬುಡದವರೆಗೆ ಇಳಿಯುತ್ತಿತ್ತು.

ಮುಗಿದ ಮೇಲೆ ಗಿಟಾರನ್ನು ಎಡಚರ ಹಾಗೆ ತೊಡೆಗೇರಿಸಿದಳು. ಅವನ ತೋಳು ಸವೆಸಿದ್ದ ಬತ್ತಲೆ ಜಾಗ ಈಗ ಕೆಳಗಾಗಿ, ತೊಡೆಯ ಮೇಲೆ ಕೂತಿತು. ಇನ್ನು ಆ ಜಾಗಕ್ಕೆ ಯಾರ ತೋಳೂ ತಾಗುವುದಿಲ್ಲ...

'ಅವನನ್ನು ನನ್ನ ಕೈಯಾರೆ ಅಳಿಸಿದೆ, ದೇವರೇ!'

ಅತ್ತರೆ ಮರಕ್ಕೆ ತೇವ ತಾಗೀತು. ಅವಳು ಗಿಟಾರನ್ನು ಗೋಡೆಗೆ ತೂಗುಹಾಕಿ ಬಂದು, ಆಮೇಲೆ ಅತ್ತಳು.

ಅಪ್ಪನ ಕಾಲದಿಂದ ಅಂಗಡಿಗೊಂದು ಕಟ್ಟಳೆಯಿತ್ತು. ನುಡಿಸುವವರ ಕೈ ನೋಡದೆ ತಂತಿಯ ಎತ್ತರ ಕೂರಿಸುವಂತಿಲ್ಲ. ಅವಳು ಫೋನ್ ಮಾಡಿ, "ನುಡಿಸೋರೇ ಬರ್ಬೇಕು," ಎಂದಳು. ಬೇಕೆಂದೇ ಹೇಳಿದಳು. ಎದೆ ಒಡೆಯುವುದಿದ್ದರೆ ಒಂದೇ ಏಟಿಗೆ ಒಡೆದುಹೋಗಲಿ!

ಮರುದಿನ ಮಧ್ಯಾಹ್ನ ಹುಡುಗಿ ಬಂದಳು.

"ಕೂತ್ಕೊಳ್ಳಿ. ನುಡಿಸಿ."

"ನಾನಾ?!" ಹುಡುಗಿ ನಕ್ಕೇಬಿಟ್ಟಳು. "ನಾನು ಬಾಗಿಲು ಬಡಿದ್ರೂ ತಾಳ ತಪ್ಪುತ್ತೆ ಮೇಡಂ."

"ಮತ್ತೆ... ನೀವು ಎಡಗೈಯವರು..."

"ಬರೆಯೋಕಷ್ಟೆ. ನಾನು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಗಿಟಾರ್ ನನ್ನ ಪೇಷೆಂಟ್‌ದು. ಕಾಗದ ಕತ್ತರಿಸೋ ಮಷೀನಲ್ಲಿ ಅವರ ಎಡಗೈಯ ಮೂರು ಬೆರಳು ಹೋದ್ವು, ಎಂಟು ತಿಂಗಳ ಹಿಂದೆ. ಆ ಕೈಯಲ್ಲಿ ಇನ್ನು ತಂತಿ ಒತ್ತೋಕಾಗಲ್ಲ. ಬಲಗೈಯಲ್ಲಿ ಒತ್ತಿ, ಉಳಿದೆರಡು ಬೆರಳಲ್ಲಿ ಮೀಟಿ ನೋಡಿ ಅಂತ ನಾನೇ ಹೇಳ್ದೆ... ಮೇಡಂ? ಮೇಡಂ, ಕೂತ್ಕೊಳ್ಳಿ!"

"ಎಲ್ಲಿದ್ದಾನೆ?"

"ಎದುರಿನ ಬಸ್ ಸ್ಟಾಪಲ್ಲಿ. ಒಳಗೆ ಮಾತ್ರ ಬರಲ್ಲ ಅಂತಾರೆ."

ಅವಳು ರಸ್ತೆ ದಾಟಿದ್ದು ಅವಳಿಗೇ ನೆನಪಿಲ್ಲ. ಯಾವುದೋ ಕಾರಿನವನು ಬೈದದ್ದೂ ಕೇಳಿಸಲಿಲ್ಲ.

ಕಲ್ಲು ಬೆಂಚಿನ ತುದಿಯಲ್ಲಿ ಅವನು. ಅರ್ಧ ಇಳಿದುಹೋದ ಮೈ. ಎಡಗೈ ಕೋಟಿನ ಜೇಬಿನೊಳಗೆ. ಅವಳನ್ನು ಕಂಡು ಎದ್ದುನಿಂತ.

"ಹೋಗ್ಬೇಡ! ನೀನು ಬಸ್ ಹತ್ತಿದ್ರೆ ನಾನೂ ಹತ್ತುತ್ತೀನಿ."

ಅವನು ಹಾಗೆಯೇ ಕುಸಿದು ಕೂತ. "ಹೇಗಿದ್ದೀಯಾ ಡಾಕ್ಟ್ರೇ?"

ಮುರಿದ ವಾದ್ಯಗಳ ವೈದ್ಯೆಯೆಂದು ಅವನು ಅವಳನ್ನು ಕರೆಯುತ್ತಿದ್ದುದೇ ಹಾಗೆ.

"ಸತ್ತಿದ್ದೀನಿ. ಎಂಟು ತಿಂಗಳಾಯ್ತು."

"ನಾನು ನುಡಿಸೋದು ಕೇಳಿ ತಾನೆ ನೀನು ಮನಸ್ಸು ಕೊಟ್ಟಿದ್ದು?" ಅವನ ದನಿ ಒಣಗಿತ್ತು. "ಈ ಕೈಯಲ್ಲಿ ಪುಸ್ತಕ ಹೊಲಿಯೋಕೂ ಆಗಲ್ಲ. ಹೀಗಿರೋ ನನ್ನನ್ನ ನಿನ್ನ ತಲೆಗೆ ಕಟ್ಲಾ?"

"ಒಂದು ಮಾತು ಕೇಳಿದ್ಯಾ ನನ್ನ? ಒಂದೇ ಒಂದು ಮಾತು! ಅವಳೇ ನಿನ್ನ ಹುಡುಗಿ ಅಂದ್ಕೊಂಡು ಐದು ದಿನ ತಂತಿ ಕಟ್ಟಿದೀನಿ ಕಣೋ... ಬೇರೆ ಅಂಗಡಿ ಇರ್ಲಿಲ್ವಾ ಊರಲ್ಲಿ?"

"ನಾಲ್ಕು ಅಂಗಡಿ ಬಾಗಿಲಿಂದ ವಾಪಸ್ ತಂದೆ. ಬೇರೆಯವರ ಕೈಗೆ ಕೊಡೋಕೆ ಆಗ್ಲಿಲ್ಲ."

"ನನಗೆ ಗೊತ್ತಾಗಬಾರದು ಅಂತಿತ್ತಾ?"

"ಗೊತ್ತಾಗಬಾರದು ಅಂತಿತ್ತು..." ಅವನು ತಲೆ ತಗ್ಗಿಸಿದ. "ಗೊತ್ತಾಗ್ಲಿ ಅಂತಲೂ ಇತ್ತು."

"ಕೈ ತೋರಿಸು."

ಅವನು ಬಲಗೈ ಚಾಚಿದ.

"ಅದಲ್ಲ."

ಬಸ್ಸೊಂದು ಬಂದು, ನಿಂತು, ಹೋಯಿತು. ಆಮೇಲೆ ಎಡಗೈ ಜೇಬಿನಿಂದ ಮೆಲ್ಲಗೆ ಹೊರಬಂತು. ಹೆಬ್ಬೆರಳು, ತೋರುಬೆರಳು. ಉಳಿದಲ್ಲಿ ನುಣುಪಾದ, ಗುಲಾಬಿ ಬಣ್ಣದ ಚರ್ಮ. ಅವಳು ಅದನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು. ಅವನ ಭುಜಗಳು ಅದುರತೊಡಗಿದವು.

ಅಂಗಡಿಯ ಬಾಗಿಲಿನಿಂದ ಅಪ್ಪನ ಕೂಗು ರಸ್ತೆ ದಾಟಿ ಬಂತು. "ಲೋ ಗೋಂದು! ಬಿಸಿಲಲ್ಲಿ ಕೂತು ಒಣಗ್ತಿದ್ದೀಯಲ್ಲೋ! ಒಳಗೆ ಬಾ!"

ಒಳಗೆ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಅವನು ಗಿಟಾರ್ ಹಿಡಿದು ಕೂತ. ಬಲಗೈಯ ಬೆರಳುಗಳು ತಂತಿ ಹುಡುಕಿ ಸೋತವು. ಮೊದಲ ಸ್ವರ ಸತ್ತಂತೆ ಬಿತ್ತು. ಎರಡನೆಯದು ಕಿರುಗುಟ್ಟಿತು. ಮೂರನೆಯದು ಹುಟ್ಟಲೇ ಇಲ್ಲ.

"ನೋಡಿದ್ಯಾ?" ಅವನ ಹಣೆಯಲ್ಲಿ ಬೆವರು. "ಸರಿಹೋಗುತ್ತೆ ಅಂತ ಸುಳ್ಳು ಹೇಳ್ಬೇಡ."

"ಹೇಳಲ್ಲ. ಸರಿಹೋಗುತ್ತೋ ಇಲ್ವೋ ನನಗೂ ಗೊತ್ತಿಲ್ಲ."

"ಮತ್ತೆ?"

"ಕೆಟ್ಟದಾಗಿ ನುಡಿಸೋನ ಪಕ್ಕ ಕೂತು ಕೇಳೋಕೆ ಬರುತ್ತೆ ನನಗೆ. ಅಷ್ಟೇ."

"ಎಲ್ಲಿವರೆಗೆ?"

"ಕಿವಿ ಇರೋವರೆಗೆ."

"ಆಮೇಲೆ?"

ಅವಳು ಸ್ಟೂಲು ಹತ್ತಿರ ಎಳೆದು, ಗಿಟಾರಿನ ಬೆನ್ನಿಗೆ ಅಂಗೈ ಇಟ್ಟಳು.

"ಹೀಗೆ ಕೂರ್ತೀನಿ. ಮರ ನಡುಗಿದ್ರೆ ಗೊತ್ತಾಗುತ್ತಲ್ಲ... ಹೂಂ, ಇನ್ನೊಂದ್ಸಲ."