ಇನ್ನೊಂದು ಚೇಂಜ್ ರಿಕ್ವೆಸ್ಟ್

"ಈ ಬಟನ್ ಹಸಿರು ಬೇಡ," ಎಂದ ಎಲ್ರೊಯ್. "ನೀಲಿ ಮಾಡಿಕೊಡಿ ಮೇಡಂ."

ನಿರೀಕ್ಷಾ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. "ಹೋದ ವಾರ ನೀಲಿ ಇದ್ದದ್ದನ್ನು ಹಸಿರು ಮಾಡಿಸಿದ್ದು ಯಾರು?"

"ಆಗ ಇಲ್ಲಿ ಬೆಳಕು ಬೇರೆ ಇತ್ತು."

ಬೈಕಂಪಾಡಿಯ ಆ ಗೋದಾಮಿನಲ್ಲಿ ಬೆಳಕು ಯಾವತ್ತೂ ಬೇರೆಯಾದದ್ದಿಲ್ಲ. ಶೀಟಿನ ಸಂದಿಯಿಂದ ಇಳಿದು, ಒಂದರೊಳಗೊಂದು ಕೂತ ಕುರ್ಚಿಗಳ ಮೇಲೆ, ಮದುವೆ ಕಮಾನುಗಳ ಪ್ಲಾಸ್ಟಿಕ್ ಗುಲಾಬಿಗಳ ಮೇಲೆ ಬೀಳುತ್ತದೆ, ಅಷ್ಟೇ. ಮದುವೆ ಮನೆಗಳಿಗೆ ಸಾಮಾನು ಬಾಡಿಗೆಗೆ ಕೊಡುವ ಈ ವ್ಯಾಪಾರ ಎಲ್ರೊಯ್‌ನ ಅಪ್ಪ ರುಡೊಲ್ಫ್ ಶುರು ಮಾಡಿದ್ದು. ಬುಕ್ಕಿಂಗ್‌ಗೆ ಈಗ ಹೊಸ ಸಾಫ್ಟ್‌ವೇರ್ ಹಾಕಿಕೊಡುತ್ತಿರುವುದು ನಿರೀಕ್ಷಾಳ ಕಂಪನಿ. ಒಂದು ತಿಂಗಳಿಂದ ಹಳೆಯದೂ ಹೊಸದೂ ಜೊತೆಜೊತೆಗೆ ಓಡುತ್ತಿವೆ. ಎರಡೂ ಒಂದೇ ಉತ್ತರ ಕೊಡತೊಡಗಿದರೆ ಎಲ್ರೊಯ್ ಸಹಿ ಹಾಕಬೇಕು, ಹಳೆಯದನ್ನು ನಿಲ್ಲಿಸಬೇಕು. ಉತ್ತರ ಒಂದೇ ಆಗಿ ಎಷ್ಟೋ ದಿನವಾಯಿತು. ಸಹಿ ಮಾತ್ರ ಬಿದ್ದಿಲ್ಲ.

ಸಹಿ ಬಿದ್ದ ಮರುವಾರ ಅವಳು ಮಸ್ಕತ್‌ನ ಪ್ರಾಜೆಕ್ಟಿಗೆ ಹೊರಡಬೇಕು. ಅದು ಅವನಿಗೂ ಗೊತ್ತು.

ಹಳೆಯ ಸಿಸ್ಟಮ್ ಅವರಿಬ್ಬರೇ ಮಾಡಿದ್ದು. ಒಟ್ಟಿಗೆ ಎಂಸಿಎ ಓದುವಾಗ ಪಾಠ ಮಾಡುತ್ತಿದ್ದ ಸೆವರಿನ್ ಸರ್ ಹೇಳಿದ್ದರು, ನಿಜವಾದ ಒಂದು ವ್ಯಾಪಾರ ಹುಡುಕಿ, ಅವರು ನಿಜವಾಗಿ ಬಳಸುವಂಥದ್ದು ಮಾಡಿ ಎಂದು. ಸ್ಕ್ರೀನುಗಳು ಎಲ್ರೊಯ್‌ನವು, ಡೇಟಾಬೇಸ್ ಇವಳದು. ಒಂದು ಮದುವೆಗೆ ಒಂದು ತಾರೀಕು ಎಂದು ಇವಳು ಬರೆದಳು. ಇವಳ ಕಡೆ ಮುನ್ನಾದಿನದ ಮೆಹಂದಿಯನ್ನು ಬೇರೆಯೇ ಬುಕ್ ಮಾಡುತ್ತಾರೆ. ಅವನ ಕಡೆ, ಕೊಂಕಣಿ ಕ್ರಿಶ್ಚಿಯನ್ನರಲ್ಲಿ, ಮದುವೆ ಅಂದರೆ ಮುನ್ನಾದಿನದ ರೋಸ್ ಶಾಸ್ತ್ರ ಅದರೊಳಗೇ ಬಂತು. ಮದುಮಗಳಿಗೆ ತೆಂಗಿನ ಹಾಲು ಹಚ್ಚುತ್ತಾರೆ, ನೆಂಟರೆಲ್ಲ ಸೇರುತ್ತಾರೆ. ಅದನ್ನು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಕೇಳಬೇಕೆಂದು ಇವಳಿಗೂ.

ತೊಕ್ಕೊಟ್ಟಿನ ಒಂದು ರೋಸ್ ಮನೆಯಲ್ಲಿ ಜನ ನಿಂತೇ ಇದ್ದರು. ಅವರ ಕುರ್ಚಿಗಳನ್ನು ಸಿಸ್ಟಮ್ ಆ ಸಂಜೆ ಬೇರೆ ಯಾರಿಗೋ ಕೊಟ್ಟುಬಿಟ್ಟಿತ್ತು. ಇಬ್ಬರೂ ಪಿಕಪ್‌ನಲ್ಲಿ ಸಿಕ್ಕಷ್ಟು ಕುರ್ಚಿ ತುಂಬಿಕೊಂಡು ನೇತ್ರಾವತಿ ಸೇತುವೆ ದಾಟಿದರು. ಕುರ್ಚಿ ಇಳಿಸುತ್ತಿದ್ದ ಅವಳನ್ನು ಯಾರೋ ಒಬ್ಬರು ಆಂಟಿ ಎಳೆದು, ಉಳಿದ ತೆಂಗಿನ ಹಾಲನ್ನು ಕೆನ್ನೆಗೆ ಸವರಿ, "ನೀನೂ ಮದುವೆಯ ಹುಡುಗಿಯೇ ಅಲ್ವಾ ಮಗಳೇ, ಇವತ್ತಲ್ಲದಿದ್ರೆ ನಾಳೆ," ಎಂದಿದ್ದರು.

ವಾಪಸು ಬರುವಾಗ ಎಲ್ರೊಯ್ ರಸ್ತೆ ಬಿಟ್ಟು ಇವಳನ್ನೇ ನೋಡುತ್ತಿದ್ದ.

"ಎಂತ ನೋಡ್ತೀ ಮಾರಾಯ? ಮುಂದೆ ಬಸ್ ಉಂಟು."

"ಕಿವಿಯ ಹತ್ತಿರ ಇನ್ನೂ ಸ್ವಲ್ಪ ಉಂಟು."

ಯಾವ ಕಿವಿ ಎಂದು ಅವನು ಹೇಳಲಿಲ್ಲ. ಮನೆ ಮುಟ್ಟುವವರೆಗೂ ಅವಳು ಒರೆಸಿಕೊಳ್ಳಲಿಲ್ಲ. ಕೂದಲಿನಲ್ಲಿ ಆ ವಾಸನೆ ಮರುದಿನವೂ ಇತ್ತು.

ಮರುದಿನ ಇಬ್ಬರೂ ಕೂತು ಒಂದು ಮದುವೆಗೆ ಎರಡು ತಾರೀಕು ಬರೆದರು. ಪ್ರಾಜೆಕ್ಟಿಗೆ ಒಳ್ಳೆಯ ಮಾರ್ಕ್ ಬಂತು, ಕ್ಲಾಸು ಮುಗಿಯಿತು. ಆಮೇಲೆ ಮಾತಾಡಲು ಒಂದು ಕಾರಣ ಬೇಕಿತ್ತು. ಇಬ್ಬರೂ ಕಾರಣಕ್ಕಾಗಿ ಕಾದರು, ವರ್ಷಗಟ್ಟಲೆ. ನಂತರ ಈ ಕೆಲಸ ಬಂತು.

"ಇನ್ನೂ ಮುಗಿಲಿಲ್ವಾ ನಿಮ್ದು?" ರುಡೊಲ್ಫ್ ಬಾಗಿಲಲ್ಲಿ ನಿಂತು ಕೇಳಿದರು. "ನಾನು ಈ ಗೋದಾಮು ಕಟ್ಟಿಸಿದ್ದು ಇದಕ್ಕಿಂತ ಬೇಗ."

"ಮಗನನ್ನು ಕೇಳಿ ಅಂಕಲ್. ಬಟನ್ನಿನ ಬಣ್ಣ ಸರಿ ಆಗ್ಬೇಕಂತೆ."

"ಹಾಕಿದ ಶರ್ಟಿನ ಬಣ್ಣವೇ ಯಾವತ್ತೂ ನೋಡದವ," ಎಂದು ರುಡೊಲ್ಫ್ ಹೊರಗೆ ಲಾರಿ ಕಡೆ ಹೋದರು.

ನಿರೀಕ್ಷಾ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. "ನಿನ್ನ ಚೇಂಜ್ ರಿಕ್ವೆಸ್ಟ್ ನೋಡಿ ನಮ್ಮ ಆಫೀಸಲ್ಲಿ ನಗ್ತಾರೆ. ಅಕ್ಷರ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಮೊದಲಿನ ಹಾಗೆ ಮಾಡಿ. ನಿಜವಾಗಿ ಎಂತ ಬೇಕು ನಿನಗೆ?"

ಎಲ್ರೊಯ್ ಪರದೆ ನೋಡಿದ. ಅವಳನ್ನು ನೋಡಿದ. ಹಸಿರು ಬಟನ್ ಇದ್ದ ಹಾಗೇ ಇತ್ತು. ಇವನು ಈಗ ಇನ್ನೊಂದು ಬಣ್ಣ ಹೇಳಿದರೆ ಎದ್ದು ಹೋಗಬೇಕು ಎಂದುಕೊಂಡಳು ಅವಳು.

ಅವನು ಪೆನ್ ತೆಗೆದು, ಮೇಜಿನ ಮೇಲಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಕಾಗದವನ್ನು ಅವಳ ಕಡೆ ಸರಿಸಿದ.

"ಎಲ್ಲ ಸರಿ ಉಂಟು. ಯಾವಾಗ್ಲೋ ಸರಿ ಆಗಿತ್ತು."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಹಾಗಾದ್ರೆ ನನಗೆ ಇಲ್ಲಿ ಕೆಲಸ ಇಲ್ಲ."

"ಇಲ್ಲ," ಎಂದ ಎಲ್ರೊಯ್. "ನಾಳೆ ಬರ್ತೀಯಾ? ಕೆಲಸ ಇಲ್ಲದೆ?"

ಹೊರಗೆ ಲಾರಿಗೆ ಪಾತ್ರೆ ಏರಿಸುವ ಸದ್ದು.

"ಆ ಬಟನ್ ಬದಲಾಯಿಸಲು ನಾನು ಇಲ್ಲಿಗೆ ಬರಬೇಕಂತಲೇ ಇರಲಿಲ್ಲ," ಎಂದಳು ನಿರೀಕ್ಷಾ. "ಆಫೀಸಲ್ಲಿ ಕೂತೇ ಆಗ್ತಿತ್ತು. ಒಂದೊಂದು ಸಲವೂ ಬಸ್ ಹತ್ತಿ ಬಂದೆ."

ಅವನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದಾಗ ಮೊದಲು ಕೆಂಪಾದದ್ದು ಅವನ ಕಿವಿ.

"ಮಸ್ಕತ್‌ಗೆ?"

"ಹೋಗ್ತೇನೆ. ಆ ಕೆಲಸ ನನಗೆ ಬೇಕು." ಅವಳು ಮೇಜಿನ ಮೇಲಿದ್ದ ಅವನ ಕೈ ಹಿಡಿದಳು. "ಮಳೆಗಾಲ ಮುಗಿಯುವಾಗ ಬರ್ತೇನೆ. ಕಾಯ್ತೀಯಾ?"

"ಕಾದು ಅಭ್ಯಾಸ ಉಂಟು."

"ಈ ಸಲ ಸುಮ್ಮನೆ ಕಾಯೋದಲ್ಲ ಮಾರಾಯ. ದಿನಾ ಫೋನ್ ಮಾಡು."

"ಎಂತ ಕಾರಣ ಹೇಳಿ ಮಾಡೋದು?"

"ಎಂತದೂ ಇಲ್ಲದೆ ಮಾಡು," ಎಂದಳು ನಿರೀಕ್ಷಾ.