ಮತ್ತೆ ಬರಬೇಡಿ

"ಮನೆಗ್ ಕರ್ಕಂಡೋಗಿ ಅಂದ್ರೆ ಏನ್ ಸಿಸ್ಟರ್ ಅರ್ಥ? ನಮ್ಮವ್ವ ನರಳೋದ್ನ ನೋಡ್ಕಂಡ್ ಕೂತಿರ್ಲಾ?"

ಕೊಳ್ಳೇಗಾಲದ ಆಸ್ಪತ್ರೆಯೊಂದರ ವಾರ್ಡಿನ ಬಾಗಿಲಿಗೆ ಅಡ್ಡ ನಿಂತು ಹೀಗೆ ಕೇಳಿದವನು ಶಾಂತಮೂರ್ತಿ. ಊರು ಹೂಗ್ಯಂ, ಹನೂರಿನ ಕಡೆ ಲೈನ್‌ಮನ್ ಕೆಲಸ. ತಾಯಿ ಶಂಕರಮ್ಮನಿಗೆ ಹೊಟ್ಟೆಯ ಕ್ಯಾನ್ಸರ್. ಇನ್ನು ಚಿಕಿತ್ಸೆ ಇಲ್ಲ ಎಂದು ಡಾಕ್ಟರು ಆಗಷ್ಟೇ ಹೇಳಿ ಹೋಗಿದ್ದರು. ಆ ಸಿಟ್ಟೆಲ್ಲ ಎದುರಿಗೆ ಸಿಕ್ಕ ನರ್ಸ್ ಶಿವರಂಜನಿಯ ತಲೆಯ ಮೇಲೆ ಬಿತ್ತು.

ಶಿವರಂಜನಿ ಮಾಂಬಳ್ಳಿಯ ಹೆಣ್ಣು, ಮಾತಿಗೇನೂ ಬರವಿಲ್ಲ. ಸರಿಯಾಗಿ ಜಾಡಿಸಬಹುದಿತ್ತು. ಆದರೆ ಅವನ ಮುಖ ನೋಡಿದಳು. ಅಲ್ಲಿದ್ದದ್ದು ಸಿಟ್ಟಲ್ಲ, ಬರೀ ಭಯ...

"ಕಾಯಿಲೆ ವಾಸಿ ಮಾಡಕ್ಕಾಗಲ್ಲ ಕಣ್ರಿ. ನೋವು ಇಳಿಸ್ಬೋದು. ನಾನೇ ನಿಮ್ಮನೆಗೆ ಬಂದು ಕಲಿಸ್ಕೊಡ್ತೀನಿ."

ಹೀಗೆ ಹೇಳುವ ಧೈರ್ಯ ಅವಳಿಗೆ ಬಂದದ್ದು ಹೊಸದಾಗಿ ಸೇರಿದ್ದ ಓದಿನಿಂದ. ವಾರವೆಲ್ಲ ಕೊಳ್ಳೇಗಾಲದಲ್ಲಿ ಡ್ಯೂಟಿ, ಶನಿವಾರ ಭಾನುವಾರ ಮೈಸೂರಿನಲ್ಲಿ ಸ್ನಾತಕೋತ್ತರ ಕ್ಲಾಸು. ವಾಸಿಯಾಗದ ಕಾಯಿಲೆಯವರ ನೋವು ಇಳಿಸಿ, ಕೊನೆಯ ದಿನಗಳನ್ನು ಹಗುರ ಮಾಡುವ ವಿಶೇಷ ನರ್ಸ್ ಆಗುವ ಓದು ಅದು. ಪ್ರತಿ ವಿದ್ಯಾರ್ಥಿಯೂ ಒಬ್ಬ ರೋಗಿಯನ್ನು ಅವರ ಮನೆಯಲ್ಲೇ ಕೊನೆಯವರೆಗೆ ನೋಡಿಕೊಳ್ಳಬೇಕಿತ್ತು. ಮೂವತ್ತು ದಾಟಿದ ಮೇಲೆ ಪುಸ್ತಕ ಹಿಡಿದವಳನ್ನು ಜೊತೆಯ ನರ್ಸುಗಳು ರೇಗಿಸುತ್ತಿದ್ದರು. ಮನೆಯಲ್ಲಿ ಅಮ್ಮನಿಗೆ ಮಗಳ ಮದುವೆಯದೇ ಚಿಂತೆ.

ಹೀಗೆ ಅವಳು ಹೂಗ್ಯಂಗೆ ಹೋಗಿ ಬರತೊಡಗಿದಳು.

ಡಾಕ್ಟರು ಬರೆದ ಮಾರ್ಫಿನ್ ಮಾತ್ರೆಯನ್ನು ಹೊತ್ತು ತಪ್ಪದೆ ಕೊಡುವುದು, ಬಾಯಿ ಶುಚಿ ಮಾಡುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ತಿರುಗಿಸುವುದು ಎಲ್ಲವನ್ನೂ ಶಾಂತಮೂರ್ತಿಗೆ ಕಲಿಸಿದಳು. ಕಂಬ ಹತ್ತಿ ಒರಟಾದ ಕೈ ತಾಯಿಯ ಬೆನ್ನಿನಡಿ ಎಷ್ಟು ಮೆತ್ತಗೆ ಹೋಗುತ್ತಿತ್ತೆಂದರೆ... ಶಿವರಂಜನಿ ಪಾಠ ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ನೋವಿಲ್ಲದೆ ಒಂದು ತುತ್ತು ಮುದ್ದೆ ಉಂಡ ಶಂಕರಮ್ಮ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಕಾಡಂಚಿನ ಊರು, ಆನೆ ಓಡಾಡುವ ದಾರಿ. ಬಸ್ಸು ಬರುವವರೆಗೂ ಅವನು ಜೊತೆಗೆ ನಿಲ್ಲುತ್ತಿದ್ದ. ಮಾತು ಕಡಿಮೆ. ಆದರೂ ಬಸ್ಸು ಬೇಗ ಬಂದ ದಿನ ಇಬ್ಬರಿಗೂ ಅದರ ಮೇಲೆ ಕೋಪ ಬರುತ್ತಿತ್ತು. ಇದಕ್ಕೆ ಏನನ್ನುತ್ತಾರೆಂದು ಇಬ್ಬರಿಗೂ ಗೊತ್ತು. ಮನೆಯಲ್ಲಿ ಮಲಗಿರುವ ಜೀವವನ್ನು ನೆನೆದು ಇಬ್ಬರೂ ಬಾಯಿ ಬಿಡಲಿಲ್ಲ.

ಒಂದು ಬೆಳಿಗ್ಗೆ, ಶಿವರಂಜನಿ ಡ್ಯೂಟಿಯಲ್ಲಿದ್ದಾಗ, ಶಂಕರಮ್ಮ ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಶಾಂತಮೂರ್ತಿ ಉಳಿದ ಮಾತ್ರೆಗಳನ್ನು ಹಿಂದಿರುಗಿಸಲು ಆಸ್ಪತ್ರೆಗೆ ಬಂದ. ಗಡ್ಡ ಬೆಳೆದಿತ್ತು, ಮುಖ ಇಳಿದುಹೋಗಿತ್ತು. ಶಿವರಂಜನಿಗೆ ಅವನನ್ನು ಕೂರಿಸಿಕೊಂಡು ನೂರು ಮಾತಾಡಬೇಕು ಅನ್ನಿಸಿತು. ಆದರೆ ವಾರ್ಡ್ ತುಂಬ ಜನ. ಅವನು ಏನೋ ಕೇಳಲು ಬಾಯಿ ತೆರೆದು, ಕೇಳದೆ, "ಬರ್ಲಾ ಮೇಡಂ?" ಎಂದಷ್ಟೇ ಅಂದ.

"ಹೋಗಿ. ಮತ್ತೆ ಬರಬೇಡಿ," ಎಂದುಬಿಟ್ಟಳು.

ಮನೆಯಿಂದ ಹೊರಟವರಿಗೆ ಯಾರೂ ಬರೀ 'ಹೋಗಿ' ಅನ್ನುವುದಿಲ್ಲ, 'ಹೋಗಿ ಬನ್ನಿ' ಅನ್ನುತ್ತಾರೆ. ಆಸ್ಪತ್ರೆಯ ಪದ್ಧತಿ ಇದಕ್ಕೆ ತದ್ವಿರುದ್ಧ. ಅಲ್ಲಿಂದ ಹೊರಟವರು ಮತ್ತೆ ಬರಬಾರದು ಎಂಬುದೇ ನರ್ಸುಗಳ ಹಾರೈಕೆ. ವರ್ಷಗಟ್ಟಲೆ ಹೇಳಿ ನಾಲಿಗೆಗೆ ಅಂಟಿದ ಮಾತು, ಯೋಚಿಸುವ ಮೊದಲೇ ಹೊರಗೆ ಬಂದಿತ್ತು.

ಅವನು ತಲೆ ಅಲ್ಲಾಡಿಸಿ ಹೋದ.

ಆಮೇಲೆ ಅವನ ಸುದ್ದಿಯಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ತಿಂಗಳುಗಳು ಕಳೆದವು. ತಾಯಿಯೇ ಇಲ್ಲವೆಂದ ಮೇಲೆ ನರ್ಸ್ ಯಾಕೆ ಬೇಕು ಎಂದು ಅವಳು ಒಳಗೊಳಗೇ ಬೆಂದಳು. ಶಂಕರಮ್ಮನ ಬಗ್ಗೆ ಕಾಲೇಜಿಗೆ ವರದಿ ಒಪ್ಪಿಸಬೇಕಿತ್ತು, ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ಓದೂ ಸಾಕು, ಏನೂ ಸಾಕು ಅನ್ನಿಸಿಬಿಟ್ಟಿತ್ತು.

ಹೀಗಿರುವಾಗ ಒಂದು ಶನಿವಾರ ಕ್ಲಾಸಿನಲ್ಲಿ ಪಾಠ ಹೇಳುವ ವೀರಮ್ಮ ಮೇಡಂ ಅವಳನ್ನು ಎಬ್ಬಿಸಿದರು. ರೋಗಿ ಸತ್ತ ಮೇಲೆ ಮನೆಯವರ ಜೊತೆ ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು ಎಂದರು.

ಶಿವರಂಜನಿ ಹೇಳುತ್ತಾ ಹೋದಳು. ಕೊನೆಗೆ 'ಮತ್ತೆ ಬರಬೇಡಿ' ಅಂದದ್ದನ್ನೂ ಹೇಳಿದಳು.

"ಹುಷಾರಾಗಿ ಹೋಗೋರಿಗೆ ಅದು ಹಾರೈಕೆ," ಎಂದರು ವೀರಮ್ಮ. "ತಾಯಿನ ಕಳ್ಕೊಂಡೋನ ಕಿವಿಗೆ ಅದು ಹೇಗೆ ಕೇಳಿಸ್ತು ಅಂತ ಯೋಚ್ನೆ ಮಾಡಿದ್ಯೇನಮ್ಮ?"

ಅಯ್ಯೋ... ನಾನೇ ಅಟ್ಟಿಬಿಟ್ಟೆನಲ್ಲ!

ಸೋಮವಾರ ರಜ ಹಾಕಿ ಹೂಗ್ಯಂ ಬಸ್ಸು ಹತ್ತಿದಳು. ಊರಾಚೆ ಕಂಬದ ಮೇಲಿದ್ದ ಶಾಂತಮೂರ್ತಿ ಅವಳನ್ನು ಕಂಡು ನಿಧಾನವಾಗಿ ಇಳಿದು ಬಂದ. ಕಣ್ಣೆತ್ತಿ ನೋಡಲಿಲ್ಲ. ಯಾಕೆ ಬರಲಿಲ್ಲ, ಫೋನ್ ಯಾಕೆ ಎತ್ತಲಿಲ್ಲ ಎಂದು ಅವಳು ಕೇಳಿದಳು. ಅವನು ಕೈಯಲ್ಲಿದ್ದ ಇಕ್ಕಳ ತಿರುವುತ್ತಲೇ ಹೇಳಿದ.

"ಅವತ್ತು ಬೆಳಗ್ಗೆ ಮಾತ್ರೆ ಕೊಟ್ಟೋನು ನಾನೇ ಮೇಡಂ. ಕೊಟ್ಟು ವಸಿ ಒತ್ಗೆ ಅವ್ವನ ಉಸ್ರು ನಿಂತೋಯ್ತು. ನಾನೇ ಕೊಂದ್ಬುಟ್ನೇನೋ ಅಂತ... ಅದ ಕೇಳಾಕೇ ನಿಮ್ ತಾವ ಬಂದಿದ್ದು. ನೀವು ಮತ್ತೆ ಬರ್‌ಬ್ಯಾಡಿ ಅಂದ್ರಿ. ನಿಮ್ಗೂ ಗೊತ್ತಾಗ್ಬುಟ್ಟದೆ, ಅದ್ಕೇ ಅಂದ್ರಿ ಅಂದ್ಕಂಡೆ."

ತನ್ನನ್ನು ಮರೆತನೆಂದು ಶಿವರಂಜನಿ ಮುನಿಸಿಕೊಂಡಿದ್ದರೆ, ಇವನು ಇಷ್ಟು ತಿಂಗಳು ಹೊತ್ತು ತಿರುಗಿದ್ದು ಇಂಥ ಭಾರವನ್ನೇ!

ಅವಳು ಒಂದೊಂದಾಗಿ ಕೇಳಿದಳು. ಹಿಂದಿನ ದಿನವೇ ಕಾಲು ತಣ್ಣಗಾಗಿತ್ತೇ? ಮೂತ್ರ ನಿಂತಿತ್ತೇ? ಉಸಿರು ತಡೆದು ತಡೆದು ಬರುತ್ತಿತ್ತೇ? ಮಾತ್ರೆ ಕೊಟ್ಟದ್ದು ಎಂದಿನಷ್ಟೇ ತಾನೇ? ಎಲ್ಲಕ್ಕೂ ಅವನು ಹೂಂ ಎಂದ.

"ನೋಡಿ, ನಾನು ಓದ್ತಿರೋದೇ ಇದನ್ನ. ನಿಮ್ಮವ್ವ ಹಿಂದಿನ್ ದಿನವೇ ಹೊರಟು ನಿಂತಿದ್ರು. ಕರ್ಕಂಡೋಗಿದ್ದು ಕಾಯಿಲೆ, ನೀವಲ್ಲ. ನೀವು ಕೊಟ್ಟ ಮಾತ್ರೆಯಿಂದ ಅವ್ರು ನರಳ್ದೆ ಹೋದ್ರು ಕಣ್ರಿ."

ಶಾಂತಮೂರ್ತಿ ಕಂಬದ ಬುಡದಲ್ಲೇ ಕುಸಿದು ಕೂತ. ತಾಯಿ ಸತ್ತಾಗಲೂ ಅಳದವನು ಬಿಕ್ಕಿ ಬಿಕ್ಕಿ ಅತ್ತ. ಅವಳು ಮಣ್ಣಿನಲ್ಲೇ ಪಕ್ಕಕ್ಕೆ ಕೂತು ಅವನ ಕೈ ಹಿಡಿದುಕೊಂಡಳು.

ಅಳು ಇಳಿದ ಮೇಲೆ ತಾನೇ ಬಾಯಿ ತೆರೆದಳು.

"ಆಸ್ಪತ್ರೆಗೆ ಬರಬೇಡಿ ಅಂದಿದ್ದು ನಾನು. ನನ್ ತಾವ ಬರಬೇಡಿ ಅನ್ನಲಿಲ್ಲ... ನೀವಿಲ್ದೆ ನಂಗೆ ಆಗಲ್ಲ."

ಅವನು ತಲೆ ಎತ್ತಿದ. ಅವಳಿಗೆ ಇನ್ನೂ ಹೇಳುವುದಿತ್ತು.

"ಆದ್ರೆ ಓದು ಬಿಡಲ್ಲ. ಶನಿವಾರ ಭಾನುವಾರ ಮನೇಲಿರಲ್ಲ. ಓದು ಮುಗುದ್ ಮೇಲೂ ಯಾರೋ ನರಳ್ತಾವ್ರೆ ಅಂದ್ರೆ ಎದ್ದು ಹೋಗೋಳೇ ನಾನು. ಅಂಥೋಳು ಆಗ್ತೀನಾ ನಿಮ್ಗೆ?"

ಅವನು ಹಿಡಿದ ಕೈ ಬಿಡಲಿಲ್ಲ.

"ನಮ್ಮವ್ವ ನರಳ್ತಿದ್ದಾಗ ಅಂಗೇ ಎದ್ ಬಂದ್ರಲ್ಲ ಒಬ್ರು ಸಿಸ್ಟರ್, ಅವ್ರನ್ನೇ ಕಣ್ರಿ ನಾನು ಮೆಚ್ಚಿದ್ದು."