ಎರಡನೆಯ ಕಾಯಿಲ್

ಸೋಮವಾರ ಬೆಳಿಗ್ಗೆ ಕಂಪ್ಲಿ ಠಾಣೆಗೆ ಬಂದ ತ್ರಿವೇಣಿಯ ಸೀರೆಯಲ್ಲಿ ಇನ್ನೂ ಹೊಗೆಯ ವಾಸನೆ ಇತ್ತು. ಎಮ್ಮಿಗನೂರಿನಲ್ಲಿ ಆಕೆ ಯಂತ್ರದಲ್ಲಿ ಮೊಟ್ಟೆಗೆ ಕಾವು ಕೊಟ್ಟು ನಾಟಿ ಕೋಳಿಮರಿ ಮಾಡುತ್ತಿದ್ದ ಶೆಡ್ ಹಿಂದಿನ ಸಂಜೆ ಸುಟ್ಟುಹೋಗಿತ್ತು. ಮೊಟ್ಟೆ ತಿರುಗಿಸಲು ಒಳಗೆ ಹೋಗಿದ್ದ ಕೆಲಸಗಾರ ಭರಮಣ್ಣ ಎರಡೂ ಕೈ ಸುಟ್ಟುಕೊಂಡು ಹೊಸಪೇಟೆ ಆಸ್ಪತ್ರೆ ಸೇರಿದ್ದ.

“ಎಲ್ರೂ ಶಾರ್ಟ್ ಸರ್ಕ್ಯೂಟ್ ಅಂತಾರ್ರಿ. ನಂಗ ಹಂಗ ಅನಸವಲ್ದು.”

“ನೀವೆಲ್ಲಿದ್ರಿ?” ಇನ್‌ಸ್ಪೆಕ್ಟರ್ ಕನಕರಾಜ್ ಕೇಳಿದರು.

“ನಮ್ಮ ಮನಿಯವ್ರು ಸೀರಿ ಕೊಡಸ್ತೀನಿ ಬಾ ಅಂತ ಹೊಸಪ್ಯಾಟಿಗಿ ಕರಕೊಂಡ್ ಹೋಗಿದ್ರು. ಭರಮಣ್ಣಗೂ ರಜಾ ಹೇಳಿದ್ರು. ಅಂವ ಮನಸು ತಡೀದ ಬಂದಾನ.”

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆ ವೇಳೆ ಕನಕರಾಜ್ ಹೊರಗಿನ ಮೀಟರ್ ಪೆಟ್ಟಿಗೆಯ ಫ್ಯೂಸ್ ತೆಗೆದು ನೋಡಿದರು. ಐದು ಆಂಪಿಯರಿನದು, ಹೋಗಿರಲಿಲ್ಲ. ಶಾರ್ಟ್ ಆಗಿದ್ದರೆ ಮೊದಲು ಹೋಗಬೇಕಾದದ್ದು ಅದೇ. ಠಾಣೆಗೆ ಮರಳಿದರೂ ಅವರಿಗೆ ಕೂರಲಾಗಲಿಲ್ಲ. ಮಧ್ಯಾಹ್ನ ಮತ್ತೆ ಹೋಗಿ ಬೂದಿ ಕೆದಕಿದರು. ಮರಿ ಮಾಡುವ ಯಂತ್ರದ ತಗಡಿನ ಹಿಂದೆ ಶಾಖ ಕೊಡುವ ಕಾಯಿಲ್ ಒಂದರ ಬದಲು ಎರಡು ಇದ್ದವು.

ವಿದ್ಯುತ್ ಪರಿವೀಕ್ಷಣಾಲಯದ ಎಂಜಿನಿಯರ್ ಹೇಮಾ ಮೊದಲು ಯಂತ್ರದ ಸ್ವಂತ ಕಾಯಿಲ್ಲಿಗೆ ಮಾತ್ರ 230 ವೋಲ್ಟ್ ಕೊಟ್ಟರು. ಮೀಟರ್ 2.3 ಆಂಪಿಯರ್ ತೋರಿಸಿತು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ನೂರು ಓಮ್. ಗುಣಿಸಿದರೆ ಸಾಮರ್ಥ್ಯ 529 ವಾಟ್. ಎರಡನ್ನೂ ಸಮಾಂತರವಾಗಿ ಸೇರಿಸಿದಾಗ ಕರೆಂಟ್ 4.6ಕ್ಕೆ ಏರಿತು. ರೋಧ ಐವತ್ತಕ್ಕೆ ಇಳಿಯಿತು, ಸಾಮರ್ಥ್ಯ 1058 ವಾಟ್ ಆಯಿತು.

“ಶಾಖ ಎರಡು ಪಟ್ಟು, ಆದ್ರ ಫ್ಯೂಸ್ ಹೋಗಂಗಿಲ್ಲ,” ಎಂದರು ಹೇಮಾ. “ಎರಡನೇದನ್ನ, ಶಾಖ ಹೆಚ್ಚಾದ್ರ ಆರಿಸೋ ಥರ್ಮೋಸ್ಟಾಟ್ ತಪ್ಪಿಸಿ, ನೇರ ಕರೆಂಟಿಗೆ ಕೊಟ್ಟಾರ. ಲೆಕ್ಕ ಗೊತ್ತಿದ್ದವ್ರ ಕೆಲಸ ಸರ್.”

ತ್ರಿವೇಣಿಯ ಗಂಡ ವೀರೇಶ್ ಮೋಟರ್ ರಿಪೇರಿ ಮಾಡುವವನು. ಶೆಡ್ಡಿನ ವೈರಿಂಗ್ ಅವನದೇ. ಕಾಯಿಲ್ ಮಾರಿದ ಹೊಸಪೇಟೆಯ ಅಂಗಡಿಯವನು ವೀರೇಶನ ಫೋಟೊ ನೋಡಿದ ಕೂಡಲೇ ಗುರುತಿಸಿದ. ಮರುದಿನ ಕನಕರಾಜ್ ವೀರೇಶನನ್ನು ಕರೆಸಿದರು.

“ಕಾಯಿಲ್ ಯಾಕ ತಗೊಂಡಿ?”

“ರಿಪೇರಿಗಿ ಸರ್.”

“ಯಾರ ಮನಿದು?”

ಕನಕರಾಜ್ ಭರಮಣ್ಣನ ಕೈಗಳ ಫೋಟೊ ಮುಂದಿಟ್ಟರು. ವೀರೇಶ್ ಮುಖ ಮುಚ್ಚಿಕೊಂಡ.

“ಮೊಟ್ಟಿ ಕೆಟ್ಟರ ಸಾಕು ಅನ್ಕಂಡಿದ್ದೆ ಸರ್. ಮಷೀನ್ ಒಳಗಿನ ಥರ್ಮಾಕೋಲ್ ಹತ್ಕಂತದ ಅಂತ ಹೊಳೀಲಿಲ್ಲ. ಒಳಗ ಯಾರೂ ಇರಂಗಿಲ್ಲ ಅಂತ...”

ಮೊಟ್ಟೆಯನ್ನೇ ಒಳಗೆ ತರದ ಮನೆತನ ಅವನದು. ಹೋದ ತಿಂಗಳು ಸೋದರಮಾವನ ಮನೆಯ ಪೂಜೆಯಲ್ಲಿ, ಊಟಕ್ಕೆ ಕುಳಿತವನನ್ನು ಹೆಂಡತಿಯ ಮೊಟ್ಟೆ-ಮರಿ ವ್ಯಾಪಾರದ ಕಾರಣಕ್ಕೆ ಪಂಕ್ತಿಯಿಂದ ಎಬ್ಬಿಸಿ ಹೊರಗೆ ಕಟ್ಟೆಯ ಮೇಲೆ ಬಡಿಸಿದ್ದರು. ಊರಿಗೆ ಬಂದು ಅವನು ಯಾರಿಗೂ ಹೇಳಿರಲಿಲ್ಲ.

“ಹೆಂಡ್ತಿಗರ ಹೇಳ್ಬೇಕಿತ್ತಲ್ಲ?”

“ಮರಿ ಹೊರಗ ಬಂದಾಗ ಆಕಿ ಭಾಳ ನಗ್ತಿದ್ಲು ಸರ್. ಹ್ಯಾಂಗ ಹೇಳ್ಲಿ?”

ಸಂಜೆ ಬಂಧನದ ಕಾಗದಗಳಿಗೆ ಸಹಿಯಾಯಿತು. ಜೀಪಿನ ಬಳಿ ತ್ರಿವೇಣಿ ನಿಂತಿದ್ದಳು.

“ಒಂದ್ ಮಾತ್ ಹೇಳಬಾರದಿತ್ತಾ?”

“ಮರಿ ಮಾಡೋದು ಬ್ಯಾಡ ಅಂದಿದ್ರ ನೀ ಬಿಡ್ತಿದ್ದೇನು?” ವೀರೇಶ್ ಕೇಳಿದ.

“ಇಲ್ಲ. ಆದ್ರ ಭರಮಣ್ಣನ ಕೈ ಉಳೀತಿದ್ವು.”